ಒಂಬತ್ತೋ, ನಲವತ್ತೋ?

ಅಮೆರಿಕದ ಬಂದೂಕು ಅಂಗಡಿಗಳಲ್ಲಿ ಎಷ್ಟು ವರ್ಷವಾದರೂ ಹಳಸದ ಜಗಳವೊಂದಿದೆ. ಆತ್ಮರಕ್ಷಣೆಗೆಂದು ಮೊದಲ ಸಲ ಪಿಸ್ತೂಲು ಕೊಳ್ಳಲು ಬಂದವರ ಮುಂದೆ ನೋಡಲು ಅವಳಿಜವಳಿಯಂತಿರುವ ಎರಡನ್ನು ಇಡುತ್ತಾರೆ. ಕಂಪನಿ ಒಂದೇ, ಉದ್ದ ಅಗಲ ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ಒಂದು 9 ಎಂಎಂ, ಇನ್ನೊಂದು ಪಾಯಿಂಟ್ ನಲವತ್ತು. ಮೊದಲನೆಯದರ ಗುಂಡು 9 ಮಿಲಿಮೀಟರ್ ದಪ್ಪ, ಎರಡನೆಯದು 10 ದಾಟಿ ಕೂದಲೆಳೆಯಷ್ಟು ಮುಂದೆ. ಈ ಒಂದು ಮಿಲಿಮೀಟರ್ ಚಿಲ್ಲರೆಗಾಗಿ ಅಲ್ಲಿನ ಪೊಲೀಸರು ಮೂವತ್ತು ವರ್ಷಗಳಲ್ಲಿ ಒಮ್ಮೆ ಆಚೆ ಹೋಗಿ, ಮತ್ತೆ ಈಚೆ ಬಂದಿದ್ದಾರೆ. ಅವರ ಬೆನ್ನಿಗೆ ಲಕ್ಷಾಂತರ ಸಾಮಾನ್ಯ ಗಿರಾಕಿಗಳೂ ಹೋಗಿ ಬಂದಿದ್ದಾರೆ.

ಯಾವುದು ವಾಸಿ ಎಂದು ಕೇಳಿದರೆ ನನ್ನ ಉತ್ತರ 9 ಎಂಎಂ. ಕೊಳ್ಳಲೇಬೇಕು ಎಂದು ತೀರ್ಮಾನಿಸಿದವರಿಗೆ ಮಾತ್ರ ಈ ಉತ್ತರ. ಕೊಳ್ಳಬೇಕೋ ಬೇಡವೋ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೂ ಬರುತ್ತೇನೆ. ಆದರೆ ಈ ಉತ್ತರ ಹುಟ್ಟಿದ ಬಗೆ ಉತ್ತರಕ್ಕಿಂತ ಸ್ವಾರಸ್ಯದ್ದು. ಅದು ಶುರುವಾಗುವುದು ಒಬ್ಬ ದರೋಡೆಕೋರನ ಎದೆಯೊಳಗೆ, ಹೃದಯಕ್ಕೆ ಒಂದಿಂಚು ಈಚೆ ನಿಂತುಹೋದ ಗುಂಡಿನಿಂದ.

1986ರ ಏಪ್ರಿಲ್ 11. ಫ್ಲಾರಿಡಾದ ಮಯಾಮಿಯ ದಕ್ಷಿಣಕ್ಕಿರುವ ಒಂದು ಬಡಾವಣೆ. ಮೈಕೆಲ್ ಪ್ಲ್ಯಾಟ್ ಮತ್ತು ವಿಲಿಯಂ ಮ್ಯಾಟಿಕ್ಸ್ ಇಬ್ಬರೂ ಸೇನೆಯಲ್ಲಿದ್ದು ಬಂದವರು. ಬ್ಯಾಂಕುಗಳನ್ನೂ ಹಣ ಸಾಗಿಸುವ ವಾಹನಗಳನ್ನೂ ದೋಚುತ್ತ ತಿಂಗಳುಗಟ್ಟಲೆ ಕೈಗೆ ಸಿಗದೆ ಓಡಾಡಿಕೊಂಡಿದ್ದರು. ಆ ದಿನ ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಎಫ್‌ಬಿಐ ಕಾರುಗಳು ಅವರ ಕಾರಿಗೆ ಗುದ್ದಿ ಅದನ್ನು ರಸ್ತೆ ಬದಿಗೆ ತಳ್ಳಿ ನಿಲ್ಲಿಸಿದವು. ಈ ಕಡೆ ಎಂಟು ಏಜೆಂಟರು, ಆ ಕಡೆ ಇಬ್ಬರು. ಸುಮಾರು ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಅಷ್ಟರೊಳಗೆ ನೂರಕ್ಕೂ ಹೆಚ್ಚು ಗುಂಡು ಹಾರಿದ್ದವು.

ಗುಂಡಿನ ಕಾಳಗ ಇನ್ನೂ ಆರಂಭದಲ್ಲಿದ್ದಾಗಲೇ, ಪ್ಲ್ಯಾಟ್ ಕಾರಿನ ಕಿಟಕಿಯಿಂದ ನುಸುಳಿ ಹೊರಬರುತ್ತಿದ್ದ. ಆಗ ಏಜೆಂಟ್ ಜೆರ್ರಿ ಡವ್ ಹಾರಿಸಿದ 9 ಎಂಎಂ ಗುಂಡು ಅವನ ಬಲ ತೋಳಿಗೆ ಬಿತ್ತು. ತೋಳನ್ನು ಹಾಯ್ದು, ಪಕ್ಕೆಯಿಂದ ಎದೆಯೊಳಗೆ ಹೊಕ್ಕು, ಬಲ ಶ್ವಾಸಕೋಶವನ್ನು ಕುಸಿಯುವಂತೆ ಮಾಡಿ, ಹೃದಯ ಇನ್ನೊಂದು ಇಂಚು ಇದೆ ಎನ್ನುವಾಗ ನಿಂತಿತು. ಆ ಗಾಯದಿಂದ ಪ್ಲ್ಯಾಟ್ ಬದುಕುತ್ತಿರಲಿಲ್ಲ ಎಂದೇ ವೈದ್ಯರ ಅಭಿಪ್ರಾಯ. ಆದರೆ ಅವನು ತಕ್ಷಣ ಸಾಯಲೂ ಇಲ್ಲ, ಬೀಳಲೂ ಇಲ್ಲ. ಕೈಯಲ್ಲಿದ್ದ ರೂಗರ್ ಮಿನಿ-14 ರೈಫಲ್ಲಿನಿಂದ ಗುಂಡು ಹಾರಿಸುತ್ತಲೇ ಹೋದ. ಡವ್ ಮತ್ತು ಬೆಂಜಮಿನ್ ಗ್ರೋಗನ್ ಸತ್ತದ್ದು ಆ ಗುಂಡು ಅವನ ಎದೆ ಸೇರಿದ ಮೇಲೆ. ಇನ್ನೂ ಐವರು ಏಜೆಂಟರು ಗಾಯಗೊಂಡರು. ಕೊನೆಗೆ ಎಡಗೈ ಮೂಳೆ ಪುಡಿಯಾಗಿದ್ದ ಎಡ್ಮಂಡೊ ಮಿರೆಲೆಸ್ ಶಾಟ್‌ಗನ್ನನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ಈಡು ತುಂಬುತ್ತ ಹೊಡೆದು, ಆಮೇಲೆ ರಿವಾಲ್ವರ್ ಹಿಡಿದು ಹತ್ತಿರ ನಡೆದು ಹೋಗಿ ಇಬ್ಬರನ್ನೂ ಮುಗಿಸಿದರು. ಶವಪರೀಕ್ಷೆಯಲ್ಲಿ ಪ್ಲ್ಯಾಟ್‌ಗೆ ಹನ್ನೆರಡು, ಮ್ಯಾಟಿಕ್ಸ್‌ಗೆ ಆರು ಗುಂಡು ತಗುಲಿದ್ದು ಗೊತ್ತಾಯಿತು. ಮಾದಕವಸ್ತುವಿನ ಸುಳಿವು ಇಬ್ಬರಲ್ಲೂ ಸಿಗಲಿಲ್ಲ.

ಅಪರಾಧಿಯ ಸ್ಥಾನದಲ್ಲಿ ನಿಂತದ್ದು ಡವ್ ಅವರ ಗುಂಡು. ವಿಂಚೆಸ್ಟರ್ ಕಂಪನಿಯ ಸಿಲ್ವರ್‌ಟಿಪ್, ಏಳೂವರೆ ಗ್ರಾಂ ತೂಕ. ಮೈ ಹೊಕ್ಕ ಕೂಡಲೇ ಬೇಗ ಅರಳಿಕೊಳ್ಳುವಂತೆ ತಯಾರಿಸಿದ್ದು. ಅದು ಮಾಡಬೇಕಾದ್ದನ್ನೇ ಮಾಡಿತ್ತು, ಬೇಗ ಅರಳಿತ್ತು. ಅರಳಿದ್ದರಿಂದಲೇ ಬೇಗ ನಿಂತಿತ್ತು. ಇನ್ನೊಂದು ಇಂಚು ಹೋಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಬೆಳಗಿನ ಉಳಿದ ಸಂಗತಿಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ದರೋಡೆಕೋರರ ಬಳಿ ರೈಫಲ್ ಇದೆಯೆಂದು ಮೊದಲೇ ಗೊತ್ತಿತ್ತು. ಆದರೂ ಬಹುತೇಕ ಏಜೆಂಟರ ಸೊಂಟದಲ್ಲಿ ಇದ್ದದ್ದು ರಿವಾಲ್ವರು. ಒಳ್ಳೆಯ ಗುರಿಕಾರ ಎನಿಸಿಕೊಂಡಿದ್ದ ಗ್ರೋಗನ್ ಅವರ ಕನ್ನಡಕ ಕಾರುಗಳು ಗುದ್ದಿದ ರಭಸಕ್ಕೆ ಹಾರಿಹೋಗಿತ್ತು. ಡವ್ ಅವರ ಪಿಸ್ತೂಲಿಗೇ ಎದುರಾಳಿಯ ಗುಂಡು ಬಡಿದು ಅದು ಕೆಟ್ಟು ನಿಂತಿತ್ತು. ಯೋಜನೆ ಎಡವಿತ್ತು, ಅದೃಷ್ಟ ಕೈಕೊಟ್ಟಿತ್ತು. ಇಷ್ಟೆಲ್ಲದರ ನಡುವೆ ಗುಂಡನ್ನು ದೂರುವುದು ಸುಲಭ. ಯಾಕೆಂದರೆ ಗುಂಡನ್ನು ಅಂಗಡಿಯಲ್ಲಿ ಬದಲಾಯಿಸಿಕೊಂಡು ಬರಬಹುದು.

ಹಾಗೆಂದು ಎಫ್‌ಬಿಐ ಕಣ್ಣುಮುಚ್ಚಿ ಬದಲಾಯಿಸಲಿಲ್ಲ ಎಂಬುದನ್ನೂ ಹೇಳಬೇಕು. 1987ರಲ್ಲಿ ವರ್ಜೀನಿಯಾದ ಕ್ವಾಂಟಿಕೊದಲ್ಲಿ ಗಾಯ ಬಲ್ಲ ವೈದ್ಯರನ್ನೂ ಬಂದೂಕು ಬಲ್ಲವರನ್ನೂ ಕೂಡಿಸಿ ಚರ್ಚೆ ನಡೆಸಿತು. ಅಲ್ಲಿ ಮುಖ್ಯವಾಗಿ ಕೇಳಿಬಂದದ್ದು ಡಾ. ಮಾರ್ಟಿನ್ ಫ್ಯಾಕ್ಲರ್ ಅವರ ಮಾತು. ವಿಯೆಟ್ನಾಂ ಯುದ್ಧದಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಅವರು ಅಮೆರಿಕದ ಸೇನಾ ಸಂಶೋಧನಾಲಯದಲ್ಲಿ ಗುಂಡಿನ ಗಾಯಗಳನ್ನೇ ಅಧ್ಯಯನ ಮಾಡುತ್ತಿದ್ದರು. ಪಿಸ್ತೂಲಿನ ಗುಂಡಿನಲ್ಲಿ ಲೆಕ್ಕಕ್ಕೆ ಬರುವುದು ಎರಡೇ, ಅದು ಎಷ್ಟು ಆಳ ಹೋಯಿತು ಮತ್ತು ಹೋದ ದಾರಿಯಲ್ಲಿ ಎಷ್ಟು ದೊಡ್ಡ ತೂತು ಮಾಡಿತು ಎಂಬುದು ಅವರ ನಿಲುವು. ಗುಂಡಿನ ‘ಶಕ್ತಿ’, ‘ಹೊಡೆತ’, ‘ಎತ್ತಿ ಒಗೆಯುವ ಬಲ’ ಇವೆಲ್ಲ ಪಿಸ್ತೂಲಿನ ಮಟ್ಟಿಗೆ ಸಿನಿಮಾ ಮಾತು. ಗುಂಡು ತಗುಲಿದವನು ಹಿಂದಕ್ಕೆ ಹಾರಿ ಬೀಳುವುದಾದರೆ, ಹೊಡೆದವನೂ ಅಷ್ಟೇ ದೂರ ಹಿಂದಕ್ಕೆ ಹಾರಬೇಕಾಗುತ್ತದೆ.

ಇನ್ನೊಂದು ಕಹಿ ಸತ್ಯವನ್ನು ಎಫ್‌ಬಿಐನ ಯೂರಿ ಪ್ಯಾಟ್ರಿಕ್ 1989ರ ವರದಿಯಲ್ಲಿ ಬರೆದರು. ಹೃದಯವೇ ಒಡೆದುಹೋದರೂ ಮಿದುಳಿನಲ್ಲಿ ಉಳಿದಿರುವ ಆಮ್ಲಜನಕದ ಬಲದಿಂದ ಮನುಷ್ಯ ಹತ್ತರಿಂದ ಹದಿನೈದು ಸೆಕೆಂಡು ತನ್ನಿಚ್ಛೆಯಂತೆ ಕೈಕಾಲು ಆಡಿಸಬಲ್ಲ. ಮಿದುಳು ಅಥವಾ ಬೆನ್ನುಹುರಿಯ ಮೇಲ್ಭಾಗಕ್ಕೆ ಬಿದ್ದರಷ್ಟೇ ತಕ್ಷಣ ಕುಸಿಯುತ್ತಾನೆ. ಮಿಕ್ಕ ಕಡೆ ಬಿದ್ದಾಗ ಬೇಗ ಕುಸಿದರೆ ಅದಕ್ಕೆ ಹೆದರಿಕೆ, ನೋವು, ‘ನನಗೆ ಗುಂಡು ಬಿತ್ತು’ ಎಂಬ ಅರಿವು ಕಾರಣವಿರಬಹುದು. ಪ್ಲ್ಯಾಟ್ ಹೆದರುವ ಜಾತಿಯಾಗಿರಲಿಲ್ಲ.

ಅಳತೆಗೋಲು ಬೇಕಿತ್ತು, ಅದಕ್ಕೆ ಜೆಲಾಟಿನ್ ಬಂತು. ನಮ್ಮ ಅಡುಗೆಮನೆಗೆ ಅಷ್ಟಾಗಿ ಬಾರದ ಈ ವಸ್ತು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಪುಡಿ. ನೀರಿನಲ್ಲಿ ಶೇಕಡ 10ರಷ್ಟು ಬೆರೆಸಿ, ಅಚ್ಚಿನಲ್ಲಿ ಹೊಯ್ದು, 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟರೆ ತುಸು ಹಳದಿ ಬಣ್ಣದ, ಹಿಂದಿನದೆಲ್ಲ ಮಸುಕಾಗಿ ಕಾಣುವ ಇಟ್ಟಿಗೆಯಾಗುತ್ತದೆ. ತಂಪು ಹೆಚ್ಚುಕಡಿಮೆಯಾದರೆ ಇಡೀ ಲೆಕ್ಕ ತಪ್ಪುತ್ತದೆ. ಆದ್ದರಿಂದ ಪರೀಕ್ಷೆಗೆ ಮೊದಲು ಪ್ರತಿ ಇಟ್ಟಿಗೆಗೂ ಏರ್‌ಗನ್ನಿನಿಂದ ಚಿಕ್ಕದೊಂದು ಉಕ್ಕಿನ ಗೋಲಿ ಹೊಡೆಯುತ್ತಾರೆ. ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೋದ ಗೋಲಿ ಎಂಟೂವರೆ ಸೆಂಟಿಮೀಟರ್ ಆಸುಪಾಸಿನಲ್ಲಿ ನಿಂತರೆ ಇಟ್ಟಿಗೆ ಪಾಸು, ಇಲ್ಲವಾದರೆ ಕರಗಿಸಿ ಮತ್ತೆ ಅಚ್ಚು ಹಾಕಬೇಕು. ಆಮೇಲೆ ಅಸಲಿ ಗುಂಡು. ಬರೀ ಇಟ್ಟಿಗೆಗೆ ಒಮ್ಮೆ; ದಪ್ಪ ಬಟ್ಟೆಯ ಹಿಂದೆ, ಕಬ್ಬಿಣದ ತಗಡಿನ ಹಿಂದೆ, ಜಿಪ್ಸಂ ಗೋಡೆ, ಪ್ಲೈವುಡ್, ಓರೆಯಾಗಿಟ್ಟ ಕಾರಿನ ಗಾಜು, ಒಂದೊಂದರ ಹಿಂದೆಯೂ ಒಂದೊಂದು ಸುತ್ತು. ಹೊಡೆದಾದ ಮೇಲೆ ಗುಂಡಿನ ದಾರಿಯನ್ನು ಅಳೆದು, ಇಟ್ಟಿಗೆ ಸೀಳಿ ಗುಂಡನ್ನು ಹೊರತೆಗೆದು, ಅದೆಷ್ಟು ಅಗಲವಾಗಿದೆ, ಎಷ್ಟು ತೂಕ ಉಳಿಸಿಕೊಂಡಿದೆ ಎಂದು ಬರೆದಿಡುತ್ತಾರೆ.

ಪಾಸಾಗಲು ಗುಂಡು ಕನಿಷ್ಠ 12 ಇಂಚು ಆಳ ಹೋಗಬೇಕು, 18 ಇಂಚು ದಾಟಬಾರದು. ಮನುಷ್ಯನ ಎದೆ ಅಷ್ಟು ದಪ್ಪವಿರುತ್ತದೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಎದುರು ನಿಂತವನು ಎದೆ ಸೆಟೆಸಿ ನಿಂತಿರುವುದಿಲ್ಲ. ಕೈ ಚಾಚಿರುತ್ತಾನೆ, ಪಕ್ಕಕ್ಕೆ ತಿರುಗಿರುತ್ತಾನೆ. ಗುಂಡು ಮೊದಲು ತೋಳನ್ನು ದಾಟಿ ಆಮೇಲೆ ಎದೆಗೆ ಹೋಗಬೇಕಾಗಬಹುದು. 12 ಇಂಚು ಎಂಬ ಅಳತೆಯ ಹಿಂದೆ ಪ್ಲ್ಯಾಟ್‌ನ ಬಲ ತೋಳು ಇದೆ.

ಈ ಪರೀಕ್ಷೆಗಳಲ್ಲಿ ಆಗ ಗೆದ್ದದ್ದು 10 ಎಂಎಂ ಎಂಬ ಭಾರಿ ಕಾಡತೂಸು. ಪೂರ್ತಿ ಮದ್ದು ತುಂಬಿದರೆ ಅದರ ಒದೆತ ತಡೆಯುವುದು ಕಷ್ಟ. ಹಾಗಾಗಿ ಎಫ್‌ಬಿಐ ಮದ್ದು ಕಡಿಮೆ ಮಾಡಿಸಿ, ಸುಮಾರು 11.7 ಗ್ರಾಂ ತೂಕದ ಗುಂಡನ್ನು ನಿಧಾನಕ್ಕೆ ಓಡಿಸಿತು. ಫಲಿತಾಂಶ ಚೆನ್ನಾಗಿತ್ತು. ಅದನ್ನು ನೋಡಿ ಸ್ಮಿತ್ ಅಂಡ್ ವೆಸನ್ ಕಂಪನಿಯವರಿಗೆ ಹೊಳೆದದ್ದು ಸರಳ ಉಪಾಯ. ಮದ್ದೇ ಕಡಿಮೆಯಾದ ಮೇಲೆ ಅಷ್ಟುದ್ದದ ಹಿತ್ತಾಳೆ ಕೊಳವೆ ಯಾಕೆ? ಕೊಳವೆಯನ್ನು ಮೂರೂವರೆ ಮಿಲಿಮೀಟರಿನಷ್ಟು ಗಿಡ್ಡ ಮಾಡಿದರೆ ಕಾಡತೂಸು 9 ಎಂಎಂ ಪಿಸ್ತೂಲಿನ ಹಿಡಿಕೆಯಳತೆಯಲ್ಲೇ ಕೂರುತ್ತದೆ. ವಿಂಚೆಸ್ಟರ್ ಜೊತೆ ಸೇರಿ 1990ರ ಜನವರಿಯಲ್ಲಿ .40 ಎಸ್ ಅಂಡ್ ಡಬ್ಲ್ಯು ಎಂಬ ಹೆಸರಿನಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಕಾಡತೂಸು ಇವರದು, ಲಾಭ ಮಾತ್ರ ಹೆಚ್ಚಾಗಿ ಆಸ್ಟ್ರಿಯಾದ ಗ್ಲಾಕ್ ಕಂಪನಿಯದು. ಅವರು ತಮ್ಮ ಪಿಸ್ತೂಲನ್ನು ಚಟಪಟನೆ ಇದಕ್ಕೆ ಹೊಂದಿಸಿ ಮಾರುಕಟ್ಟೆಗೆ ಬಿಟ್ಟರು. ತೊಂಬತ್ತರ ದಶಕ ಕಳೆಯುವಷ್ಟರಲ್ಲಿ ಅಮೆರಿಕದ ಪೊಲೀಸರ ಸೊಂಟದಲ್ಲಿ .40ಯದೇ ಕಾರುಬಾರು. 1997ರಲ್ಲಿ ಎಫ್‌ಬಿಐ ತಾನೂ ಗ್ಲಾಕ್ .40 ಕೈಗೆತ್ತಿಕೊಂಡಿತು. ಸಾಮಾನ್ಯ ಗಿರಾಕಿಗೆ ಬೇರೊಂದು ಕಾರಣವೂ ಸಿಕ್ಕಿತ್ತು. 1994ರಿಂದ 2004ರವರೆಗೆ ಜಾರಿಯಲ್ಲಿದ್ದ ಕಾನೂನಿನ ಪ್ರಕಾರ ಜನರಿಗೆಂದು ಹೊಸದಾಗಿ ತಯಾರಿಸುವ ಮ್ಯಾಗಜಿನ್ನಿನಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಸುವಂತಿರಲಿಲ್ಲ. ಎಣಿಕೆ ಹತ್ತೇ ಎಂದ ಮೇಲೆ ಚಿಕ್ಕ ಗುಂಡು ಯಾಕೆ, ದೊಡ್ಡದೇ ಇರಲಿ ಎಂದು ಜನ ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ದೊಡ್ಡ ಗುಂಡಿನ ಮೇಲಿನ ಈ ಭಕ್ತಿ ಅಲ್ಲಿ ಹಳೆಯದು. ಫಿಲಿಪ್ಪೀನ್ಸ್‌ನಲ್ಲಿ ಮೋರೊ ಹೋರಾಟಗಾರರ ಎದುರು .38 ರಿವಾಲ್ವರು ಸಾಲದಾಯಿತು ಎಂಬ ದೂರು ಬಂದಾಗ, 1904ರಲ್ಲಿ ಅಮೆರಿಕದ ಸೇನೆ ಥಾಂಪ್ಸನ್ ಎಂಬ ಅಧಿಕಾರಿಯನ್ನೂ ಲಾಗಾರ್ಡ್ ಎಂಬ ವೈದ್ಯರನ್ನೂ ಶಿಕಾಗೊದ ಕಸಾಯಿಖಾನೆಗೆ ಕಳಿಸಿತು. ದನಗಳ ಮೇಲೆ, ಶವಗಳ ಮೇಲೆ ಬಗೆಬಗೆಯ ಗುಂಡು ಹೊಡೆದು ನೋಡಿ, .45ಕ್ಕಿಂತ ಕಡಿಮೆಯಾದದ್ದು ಬೇಡವೆಂದು ಅವರು ಬರೆದರು. ಅದರ ಬೆನ್ನಿಗೆ ಜಾನ್ ಬ್ರೌನಿಂಗ್ ರೂಪಿಸಿದ 1911ರ ಮಾದರಿಯ .45 ಪಿಸ್ತೂಲು ಬಂತು, 1985ರಲ್ಲಿ 9 ಎಂಎಂ ಬೆರೆಟ್ಟಾ ಬರುವವರೆಗೆ ಸೇನೆಯಲ್ಲಿ ಉಳಿಯಿತು. ಕಟ್ಟಿಹಾಕಿದ ದನಕ್ಕೆ ಗುಂಡು ಹೊಡೆದು, ಮಚ್ಚು ಹಿಡಿದು ಓಡಿಬರುವ ಮನುಷ್ಯನ ಲೆಕ್ಕ ಹಾಕಿದ ಈ ಪರೀಕ್ಷೆಯನ್ನು ನೂರು ವರ್ಷ ಕಳೆದರೂ ಪ್ರಮಾಣವೆಂದು ಎತ್ತಿ ಹೇಳುವವರಿದ್ದಾರೆ.

ಇತ್ತ ಸದ್ದಿಲ್ಲದೆ ಬದಲಾದದ್ದು ಗುಂಡಿನ ಮೂತಿ. ಮೂತಿಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್ ಗುಂಡು ಮೈ ಹೊಕ್ಕಾಗ ಗುಳಿಯಲ್ಲಿ ದ್ರವ ತುಂಬಿ, ಒತ್ತಡಕ್ಕೆ ಅಂಚು ಸೀಳಿ ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ಚೆನ್ನಾಗಿ ತೆರೆದುಕೊಂಡ ಗುಂಡನ್ನು ಜೆಲಾಟಿನ್ನಿನಿಂದ ತೆಗೆದು ಅಂಗೈಯಲ್ಲಿಟ್ಟರೆ ಅರಳಿದ ಎಕ್ಕದ ಹೂವಿನಂತೆ ಕಾಣುತ್ತದೆ: ನಡುವೆ ಸೀಸ, ಸುತ್ತ ಹೊರಕ್ಕೆ ಬಾಗಿದ ತಾಮ್ರದ ದಳಗಳು. ಅರಳುವ ಗುಂಡಿನ ಕಥೆಯಲ್ಲಿ ನಮ್ಮ ನೆಲವೂ ಇದೆ. 1890ರ ದಶಕದಲ್ಲಿ ಕಲ್ಕತ್ತಾದ ಬಳಿಯ ಡಂ ಡಂ ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಬ್ರಿಟಿಷ್ ಅಧಿಕಾರಿ ತುದಿಯಲ್ಲಿ ಸೀಸ ಬಿಟ್ಟ .303 ಗುಂಡು ತಯಾರಿಸಿದ. ಗಡಿನಾಡಿನ ಬುಡಕಟ್ಟುಗಳ ಮೇಲೆ ಬಳಸಲೆಂದು ಮಾಡಿದ ಈ ಗುಂಡಿನ ಗಾಯ ಯೂರೋಪಿನಲ್ಲಿ ಗದ್ದಲವೆಬ್ಬಿಸಿ, 1899ರ ಹೇಗ್ ಘೋಷಣೆಯಲ್ಲಿ ಯುದ್ಧಕ್ಕೆ ಅಂಥ ಗುಂಡು ನಿಷಿದ್ಧವಾಯಿತು. ಆ ಘೋಷಣೆ ದೇಶ ದೇಶಗಳ ನಡುವಿನ ಯುದ್ಧಕ್ಕೆ ಮಾತ್ರ. ಪೊಲೀಸರು ಅದೇ ಬಗೆಯ ಗುಂಡನ್ನು ಬೇಕೆಂದೇ ಬಳಸುತ್ತಾರೆ. ಅರಳಿದ ಗುಂಡು ಮೈಯೊಳಗೇ ನಿಲ್ಲುತ್ತದೆ, ಹಿಂದೆ ನಿಂತ ಅಮಾಯಕನ ತನಕ ಹೋಗುವುದಿಲ್ಲ ಎಂಬುದು ಅವರ ಸಮರ್ಥನೆ. ಅದರಲ್ಲಿ ಹುರುಳಿದೆ.

1986ರ ಹಾಲೋ ಪಾಯಿಂಟ್ ಒಂದೋ ಬೇಗ ಅರಳಿ ನಿಲ್ಲುತ್ತಿತ್ತು, ಇಲ್ಲವೇ ಗುಳಿಗೆ ಬಟ್ಟೆ ತುಂಬಿಕೊಂಡು ಅರಳದೆ ಹಾಯುತ್ತಿತ್ತು. ಎಫ್‌ಬಿಐನ 12 ಇಂಚು ಎಂಬ ಅಳತೆ ಬಂದ ಮೇಲೆ ಕಂಪನಿಗಳಿಗೆ ಗುರಿಯೊಂದು ಸಿಕ್ಕಿತು. ತಾಮ್ರದ ಕವಚವನ್ನು ಸೀಸಕ್ಕೆ ಬಿಗಿಯಾಗಿ ಬೆಸೆದರು, ಎಲ್ಲಿ ಸೀಳಬೇಕೆಂದು ಮೊದಲೇ ಗೀರಿಟ್ಟರು, ಯಾವ ವೇಗಕ್ಕೆ ಎಷ್ಟು ಅರಳಬೇಕೆಂದು ಲೆಕ್ಕ ಹಾಕಿದರು. ಇಂದಿನ ಒಳ್ಳೆಯ 9 ಎಂಎಂ ಗುಂಡು 12 ಇಂಚು ದಾಟಿ, 14-15 ಮಿಲಿಮೀಟರಿಗೆ ಅರಳುತ್ತದೆ; .40 ಅದಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚು. ದೊಡ್ಡ ಗುಂಡೂ ಸುಧಾರಿಸಿತು, ಆದರೆ ಸುಧಾರಣೆಯ ಲಾಭ ಹೆಚ್ಚು ಸಿಕ್ಕಿದ್ದು ಚಿಕ್ಕದಕ್ಕೆ. ಹಿಂದೆ ಬಿದ್ದದ್ದು ಅದೇ ಅಲ್ಲವೇ.

2014ರಲ್ಲಿ ಎಫ್‌ಬಿಐ ತರಬೇತಿ ವಿಭಾಗ ತನ್ನ ಲೆಕ್ಕವನ್ನು ತಾನೇ ತಿರುವಿ ಹಾಕಿತು. ಒಳ್ಳೆಯ ಗುಂಡು ಆರಿಸಿದರೆ 9 ಎಂಎಂ, .40, .45 ಈ ಮೂರರ ಗಾಯದ ದಾರಿಯಲ್ಲಿ ಗಮನಿಸುವಂಥ ವ್ಯತ್ಯಾಸ ಕಾಣುವುದಿಲ್ಲ; ತಮ್ಮ ಏಜೆಂಟರಲ್ಲಿ ಬಹುಪಾಲು ಜನ 9 ಎಂಎಂನಲ್ಲಿ ಹೆಚ್ಚು ಬೇಗ, ಹೆಚ್ಚು ನಿಖರವಾಗಿ ಹೊಡೆಯುತ್ತಾರೆ; ಗುಂಡು ಅಗ್ಗ, ಪಿಸ್ತೂಲು ಸವೆಯುವುದು ಕಡಿಮೆ, ಮ್ಯಾಗಜಿನ್ನಿಗೆ ಹೆಚ್ಚು ಹಿಡಿಸುತ್ತದೆ ಎಂದು ಬರೆಯಿತು. ಅದೇ ಟಿಪ್ಪಣಿಯಲ್ಲಿ ಇನ್ನೊಂದು ಸಾಲಿನ ಲೆಕ್ಕವಿದೆ, ನನಗೆ ಅದೇ ಮುಖ್ಯ. ನಿಜವಾದ ಗುಂಡಿನ ಕಾಳಗದಲ್ಲಿ ತರಬೇತಿ ಪಡೆದ ಪೊಲೀಸರ ಗುಂಡುಗಳಲ್ಲಿ ಗುರಿ ಮುಟ್ಟುವುದು ನೂರಕ್ಕೆ ಇಪ್ಪತ್ತರಿಂದ ಮೂವತ್ತು. ಉಳಿದ ಎಪ್ಪತ್ತು ಎಂಬತ್ತು ಎಲ್ಲೆಲ್ಲಿಗೋ ಹೋಗುತ್ತವೆ. 2016ರಲ್ಲಿ ಎಫ್‌ಬಿಐ 9 ಎಂಎಂ ಗ್ಲಾಕ್‌ಗಳಿಗೆ ಗುತ್ತಿಗೆ ಕೊಟ್ಟಿತು. ಇತರ ಇಲಾಖೆಗಳು ಹಿಂಬಾಲಿಸಿದವು. ಅವರು ಕೈಬಿಟ್ಟ .40 ಪಿಸ್ತೂಲುಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ ರಾಶಿರಾಶಿಯಾಗಿ ಬಂದು ಅಗ್ಗವಾದವು.

ಕೈಯಲ್ಲಿ ಏನಾಗುತ್ತದೆ ನೋಡಿ. ಸಾಮಾನ್ಯ 9 ಎಂಎಂ ಗುಂಡು 8 ಗ್ರಾಂ, ಸೆಕೆಂಡಿಗೆ 350 ಮೀಟರಿನಂತೆ ಹೊರಡುತ್ತದೆ. .40ರ ಗುಂಡು 11.7 ಗ್ರಾಂ, ವೇಗ 300 ಮೀಟರಿನ ಆಸುಪಾಸು. ತೂಕ ವೇಗಗಳನ್ನು ಗುಣಿಸಿದರೆ ಎರಡನೆಯದು ಕಾಲುಪಾಲು ಜಾಸ್ತಿ. ಅಷ್ಟೂ ಒದೆತ ಅದೇ ತೂಕದ ಪಿಸ್ತೂಲಿನ ಮೂಲಕ ಅದೇ ಮಣಿಕಟ್ಟಿಗೆ ಬರುತ್ತದೆ. ನಳಿಗೆಯ ತುದಿ ಮೇಲಕ್ಕೆ ಜಿಗಿದು, ಇಳಿದು, ಗುರಿಯ ಮೇಲೆ ಮತ್ತೆ ಕೂರಲು .40ಕ್ಕೆ ತುಸು ಹೆಚ್ಚು ಹೊತ್ತು ಬೇಕು. ಪಳಗಿದ ಕೈಗೆ ಈ ಹೊತ್ತು ಲೆಕ್ಕಕ್ಕಿಲ್ಲ. ಆದರೆ ಮನೆ ರಕ್ಷಣೆಗೆಂದು ಪಿಸ್ತೂಲು ಕೊಂಡವರಲ್ಲಿ ಪಳಗಿದವರು ಎಷ್ಟು ಮಂದಿ? ಇನ್ನೂ ಕೆಡುಕಿನ ಸಂಗತಿ ಎಂದರೆ ಒದೆತಕ್ಕೆ ಹೆದರಿದ ಕೈ, ಗುಂಡು ಹಾರುವ ಮೊದಲೇ ಬೆದರಿ ನಳಿಗೆಯನ್ನು ಕೆಳಕ್ಕೆ ಅದುಮುತ್ತದೆ. ಗುಂಡು ಗುರಿಗಿಂತ ಕೆಳಗೆ ಹೋಗುತ್ತದೆ. ಈ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಬಿಡಿಸಲು ನೂರಾರು ಗುಂಡು ಹೊಡೆದು ಅಭ್ಯಾಸ ಮಾಡಬೇಕು; ಅಲ್ಲಿ ಮತ್ತೆ 9 ಎಂಎಂನ ಅಗ್ಗದ ಬೆಲೆ ಕೆಲಸಕ್ಕೆ ಬರುತ್ತದೆ. ಒಂದೇ ಅಳತೆಯ ಗ್ಲಾಕ್‌ನಲ್ಲಿ 9 ಎಂಎಂ ಹದಿನೇಳು ಹಿಡಿಸಿದರೆ .40 ಹಿಡಿಸುವುದು ಹದಿನೈದು. ಈ ಎರಡು ಗುಂಡಿನ ವ್ಯತ್ಯಾಸವನ್ನು ಮಾತ್ರ ನಾನು ಅಷ್ಟು ದೊಡ್ಡದು ಮಾಡುವುದಿಲ್ಲ.

ಹಾಗಾದರೆ ದಪ್ಪದ ವ್ಯತ್ಯಾಸ ಬರೀ ಭ್ರಮೆಯೇ? ಹಾಗೂ ಹೇಳುವಂತಿಲ್ಲ. ಪೊಲೀಸ್ ಅಧಿಕಾರಿಯಾಗಿದ್ದ ಗ್ರೆಗ್ ಎಲಿಫ್ರಿಟ್ಜ್ ಹತ್ತು ವರ್ಷ ಕಾಲ ಸುಮಾರು 1,800 ಗುಂಡೇಟಿನ ಪ್ರಕರಣಗಳ ವಿವರ ಕಲೆಹಾಕಿ 2011ರಲ್ಲಿ ಪ್ರಕಟಿಸಿದರು. ಎಷ್ಟೇ ಗುಂಡು ಬಿದ್ದರೂ ಎದುರಾಳಿ ಸುಮ್ಮನಾಗದ ಪ್ರಕರಣಗಳು 9 ಎಂಎಂ ಮತ್ತು .40 ಎರಡರಲ್ಲೂ ಶೇಕಡ 13, .45ರಲ್ಲಿ 14. ತೀರಾ ಚಿಕ್ಕ ಗುಂಡುಗಳಾದ .22, .25, .32ಗಳಲ್ಲಿ ಮಾತ್ರ ಈ ಅಂಕಿ ದುಪ್ಪಟ್ಟು ದಾಟುತ್ತದೆ. ಇದನ್ನು ನೋಡಿದರೆ 9 ಎಂಎಂ ಮತ್ತು ಅದರ ಮೇಲಿನದೆಲ್ಲ ಒಂದೇ ಎನಿಸುತ್ತದೆ.

ಬಾಸ್ಟನ್ನಿನ ಲೆಕ್ಕ ಬೇರೆ ಹೇಳುತ್ತದೆ. 2010ರಿಂದ 2014ರವರೆಗೆ ಆ ನಗರದಲ್ಲಿ ಗುಂಡೇಟು ತಿಂದ ಐನೂರಕ್ಕೂ ಹೆಚ್ಚು ಜನರ ಪ್ರಕರಣಗಳನ್ನು ಆಂಟನಿ ಬ್ರಾಗ ಮತ್ತು ಫಿಲಿಪ್ ಕುಕ್ ಎಂಬ ಸಂಶೋಧಕರು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು. ಇವು ಆತ್ಮರಕ್ಷಣೆಯ ಪ್ರಕರಣಗಳಲ್ಲ, ಅಪರಾಧ ಪ್ರಕರಣಗಳು. ಚಿಕ್ಕ ಗುಂಡಿಗೆ ಹೋಲಿಸಿದರೆ 9 ಎಂಎಂನಂಥ ಮಧ್ಯಮ ಗುಂಡಿನಲ್ಲಿ ಸಾಯುವ ಸಂಭವದ ಅನುಪಾತ 2.25 ಪಟ್ಟು, .40 ಮತ್ತು .45ರಂಥ ದೊಡ್ಡದರಲ್ಲಿ 4.54 ಪಟ್ಟು. ಎಷ್ಟು ಗಾಯ, ಎಲ್ಲಿ ಗಾಯ ಎಂಬುದರಲ್ಲಿ ಮೂರು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅಂದರೆ ಹೊಡೆದವನ ಜಾಣ್ಮೆಯಿಂದಲೋ ದೃಢ ಮನಸ್ಸಿನಿಂದಲೋ ಆದದ್ದಲ್ಲ, ಗುಂಡಿನ ಗಾತ್ರದಿಂದಲೇ ಆದದ್ದು.

ಎರಡನ್ನೂ ಜೊತೆಗಿಟ್ಟು ಓದಿದರೆ ನನಗೆ ಕಾಣುವುದು ಇಷ್ಟು: ಎದುರಾಳಿಯನ್ನು ಆ ಕ್ಷಣದಲ್ಲಿ ನಿಲ್ಲಿಸುವುದರಲ್ಲಿ ದೊಡ್ಡ ಗುಂಡಿನ ಹೆಚ್ಚುಗಾರಿಕೆ ಕಣ್ಣಿಗೆ ಬೀಳುವುದಿಲ್ಲ, ಆಮೇಲೆ ಆಸ್ಪತ್ರೆಯ ಮೇಜಿನ ಮೇಲೆ ಅವನನ್ನು ಕೊಲ್ಲುವುದರಲ್ಲಿ ಬೀಳುತ್ತದೆ. ಆತ್ಮರಕ್ಷಣೆಯ ಕಾನೂನು ಅಮೆರಿಕದಲ್ಲೂ ನಮ್ಮಲ್ಲೂ ಒಪ್ಪುವುದು ಅಪಾಯವನ್ನು ತಡೆಯಲು ಬೇಕಾದಷ್ಟು ಬಲವನ್ನು. ಸಾವು ಅಲ್ಲಿ ಆಗಿಹೋಗಬಹುದಾದ ಫಲ, ಗುರಿಯಲ್ಲ. ಹಾಗಿದ್ದ ಮೇಲೆ ಆ ಹೆಚ್ಚುವರಿ ಮಿಲಿಮೀಟರಿಗೆ ದುಡ್ಡು ಕೊಟ್ಟು ಕೊಳ್ಳುವುದೇನನ್ನು?

ಗೋಡೆಗಳ ವಿಷಯ ಇನ್ನೊಂದು. ಅಲ್ಲಿನ ಮನೆಗಳ ಒಳಗೋಡೆ ಬಹುಪಾಲು ಮರದ ಚೌಕಟ್ಟಿಗೆ ಹೊಡೆದ ಜಿಪ್ಸಂ ಹಲಗೆ. 12 ಇಂಚು ಜೆಲಾಟಿನ್ ಹಾಯುವ ಗುಂಡಿಗೆ ಅದು ಅಡ್ಡಿಯೇ ಅಲ್ಲ. ಮೂತಿಯ ಗುಳಿಗೆ ಜಿಪ್ಸಂ ಪುಡಿ ತುಂಬಿಕೊಂಡರೆ ಗುಂಡು ಅರಳುವುದೂ ಇಲ್ಲ. ಕೋಣೆಯಿಂದ ಕೋಣೆಗೆ ಹೋಗುತ್ತದೆ. 9 ಎಂಎಂ ಆದರೂ ಅಷ್ಟೇ, .40 ಆದರೂ ಅಷ್ಟೇ. ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗುವ ಮನೆಯಲ್ಲಿ ಯಾವ ಗುಂಡು ಎನ್ನುವುದಕ್ಕಿಂತ ಯಾವ ದಿಕ್ಕಿಗೆ ಹೊಡೆಯಬಾರದು ಎಂದು ಮೊದಲೇ ನೋಡಿಟ್ಟುಕೊಳ್ಳುವುದು ಮೇಲು.

ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಗೆ ಬರುವುದಾದರೆ, 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿಯದು ಆತ್ಮಹತ್ಯೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ಕೋಟಿಗೂ ಹೆಚ್ಚು ವಯಸ್ಕರ ದಾಖಲೆಗಳನ್ನು ಅನುಸರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಿಸ್ತೂಲು ಕೊಂಡ ಗಂಡಸರಲ್ಲಿ ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಂಡವರ ಪ್ರಮಾಣ ಕೊಳ್ಳದವರಿಗಿಂತ ಸುಮಾರು ಎಂಟು ಪಟ್ಟು. ಕಳ್ಳನಿಗೆಂದು ತಂದಿಟ್ಟದ್ದು ಮನೆಯವರ ಕೆಟ್ಟ ಗಳಿಗೆಗೂ ಕೈಗೆ ಸಿಗುತ್ತದೆ. ಅಂಗಡಿಯಲ್ಲಿ ಕ್ಯಾಲಿಬರಿನ ಬಗ್ಗೆ ನಡೆಯುವ ಚರ್ಚೆಯ ಅರ್ಧದಷ್ಟಾದರೂ ಬೀಗವಿರುವ ಪೆಟ್ಟಿಗೆಯ ಬಗ್ಗೆ ನಡೆದಿದ್ದರೆ ಚೆನ್ನಾಗಿತ್ತು.

ಅಮೆರಿಕದಲ್ಲಿರುವ ನಮ್ಮವರಿಗೆ ಕ್ಯಾಲಿಬರಿಗಿಂತ ಮೊದಲು ವೀಸಾ ನೋಡಿಕೊಳ್ಳಬೇಕಾದ ಪರಿಸ್ಥಿತಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಬಂದೂಕನ್ನಾಗಲೀ ಗುಂಡನ್ನಾಗಲೀ ಇಟ್ಟುಕೊಳ್ಳುವಂತಿಲ್ಲ. ಬೇಟೆ ಪರವಾನಗಿ ಇರುವವರಿಗೆ ಸಿಗುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಅದು ಗಂಭೀರ ಅಪರಾಧ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಳ್ಳಬಹುದು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿರುವ ನ್ಯೂಜೆರ್ಸಿಯಲ್ಲಿ ಹಾಲೋ ಪಾಯಿಂಟ್ ಗುಂಡನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಬಂದರೆ ಕೇಸು.

ಭಾರತದಲ್ಲಿ ಈ ಜಗಳವೇ ಹುಟ್ಟುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ 9 ಎಂಎಂ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್. ಸೇನೆ, ಪೊಲೀಸರ ಗುಂಡು ಜನರ ಕೈಗೆ ಸೇರದಿರಲಿ ಎಂಬ ಎಣಿಕೆ ಇದರ ಹಿಂದಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ; ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದ್ದನ್ನು ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜಿಸುವ ಕೋವಿ ಭುಜಕ್ಕೊತ್ತಿ ಹೊಡೆಯುವಂಥದ್ದು, ಮಲೆನಾಡಿನ ರೈತ ಬೆಳೆ ಕಾಯಲು ಇಟ್ಟುಕೊಂಡು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವುದೂ ಅಂಥದ್ದೇ. ಅದರ ಲೆಕ್ಕಾಚಾರ ಬೇರೆ.

ಪಿಸ್ತೂಲು, ರಿವಾಲ್ವರಿನ ಪರವಾನಗಿ ಸಿಕ್ಕವರಿಗೆ ಹೆಚ್ಚಾಗಿ ಉಳಿಯುವುದು .32. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರಿನ ಗುಂಡಿನ ಶಕ್ತಿ 9 ಎಂಎಂನ ಮೂರನೇ ಒಂದು ಭಾಗದ ಆಸುಪಾಸು. 2014ರಲ್ಲಿ ಮಹಿಳೆಯರಿಗೆಂದು ಪ್ರಚಾರ ಮಾಡಿ ಬಿಡುಗಡೆಯಾದ, ಲಕ್ಷ ರೂಪಾಯಿ ದಾಟಿದ ಬೆಲೆಯ ‘ನಿರ್ಭೀಕ್’ ಕೂಡ ಇದೇ ಬೋರ್. ಎಲಿಫ್ರಿಟ್ಜ್ ಅವರ ಲೆಕ್ಕ ಹಿಡಿದು ಇದನ್ನು ಆಟಿಕೆ ಎಂದು ನಗುವವರಿಗೆ ಧಾರವಾಡವನ್ನೂ ಬೆಂಗಳೂರನ್ನೂ ನೆನಪಿಸಬೇಕಾಗುತ್ತದೆ. 2015ರ ಆಗಸ್ಟ್‌ನಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್‌ನಲ್ಲಿ ಗೌರಿ ಲಂಕೇಶ್ ಹತ್ಯೆಗೆ ಬಳಸಿದ್ದು 7.65 ಎಂಎಂ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿಗಳು ಹೇಳಿದವು. 7.65 ಎಂಎಂ ಎಂದರೂ .32 ಎಂದರೂ ದಪ್ಪ ಒಂದೇ. ಹತ್ತಿರದಿಂದ, ಎದುರಿಗಿರುವವರು ನಿರಾಯುಧರಾಗಿದ್ದಾಗ ಹೊಡೆದರೆ ಕ್ಯಾಲಿಬರ್ ಚರ್ಚೆಗೆ ಅರ್ಥವಿಲ್ಲ.

ಇಲ್ಲಿ ಆರಿಸಲು ಉಳಿದಿರುವುದು ರಿವಾಲ್ವರೋ ಪಿಸ್ತೂಲೋ ಎಂಬುದು. ಕೊಳ್ಳುವಾಗ ಒಂದು ಎಚ್ಚರ ಬೇಕು. ಪರವಾನಗಿ ಪುಸ್ತಕದಲ್ಲಿ ಎರಡಕ್ಕೂ .32 ಬೋರ್ ಎಂದೇ ಬರೆದಿದ್ದರೂ ಎರಡರ ಕಾಡತೂಸು ಬೇರೆ ಬೇರೆ. ರಿವಾಲ್ವರಿಗೆ ಬೇಕಾದದ್ದು .32 ಎಸ್ ಅಂಡ್ ಡಬ್ಲ್ಯು ಲಾಂಗ್, ಪಿಸ್ತೂಲಿಗೆ 7.65 ಎಂಎಂ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ .32 ಎಸಿಪಿ. ಒಂದರ ಕಾಡತೂಸನ್ನು ಇನ್ನೊಂದಕ್ಕೆ ಹಾಕುವಂತಿಲ್ಲ.